ಬಡೇಸೋಪಿನ ಹಾದಿ ಹಿಡಿದ ಹದಿನಾಲ್ಕು ನಾಯಿಗಳು

ಎಲ್ಲಕ್ಕಿಂತ ಮೊದಲು ಕ್ಷಮೆ ಕೇಳುತ್ತೇನೆ. ಭಾಷಣವನ್ನು ಬರೆದುಕೊಂಡು ಬರಬಾರದು, ಮನಸ್ಸಿಗೆ ಬಂದದ್ದನ್ನು ಮಾತಾಡಬೇಕು ಎಂದು ನಮ್ಮ ಕೂಟದ ಲಾವಣ್ಯಾ ಅಕ್ಕ ಹೇಳಿದ್ದರು. ಆದರೆ ಗಾಬರಿಯಾದಾಗ ನನ್ನ ಮನಸ್ಸಿಗೆ ಏನೂ ಬರುವುದಿಲ್ಲ. ಅದಕ್ಕೇ ಏಳು ಹಾಳೆ ಬರೆದಿದ್ದೇನೆ. ಹಾಸ್ಟೆಲ್‌ನಲ್ಲಿ ಓದಿದವಳ ಕನ್ನಡ, ಅರ್ಧ ಇಂಗ್ಲಿಷ್. ಕಾಗುಣಿತ ತಪ್ಪಿದ್ದರೆ ನಿಮಗೆ ಕೇಳಿಸುವುದಿಲ್ಲ, ಅದೊಂದು ಸಮಾಧಾನ.

ನಮ್ಮ ಕನ್ನಡ ಕೂಟದ ಅಧ್ಯಕ್ಷರಾದ ಬೈರಪ್ಪನವರೇ, ಇಂದಿನ ಸನ್ಮಾನಿತರಾದ ಫ್ರಾವ್ ಇಲ್ಸೆ ಬ್ರಾಂಡೆಸ್ ಅವರೇ, ಅವರ ಪಕ್ಕದಲ್ಲಿ ಕುಳಿತು ನನ್ನ ಮಾತನ್ನೆಲ್ಲ ಅವರ ಕಿವಿಗೆ ಜರ್ಮನ್‌ನಲ್ಲಿ ಹಾಕುತ್ತಿರುವ ಗ್ರೆಗರಿ ಅಂಕಲ್ ಅವರೇ, ರಾಜ್ಯೋತ್ಸವಕ್ಕೆಂದು ಹ್ಯಾಂಬರ್ಗ್‌ನಿಂದ ಎರಡು ರೈಲು ಬದಲಿಸಿ ಬಂದಿರುವ ಹಿರಿಯರೇ, ಊಟ ಯಾವಾಗ ಎಂದು ಆಗಲೇ ಮೂರು ಸಲ ಕೇಳಿರುವ ಪ್ರೀತಿಯ ಸಭಿಕರೇ,

ಸನ್ಮಾನಿತರನ್ನು ಪರಿಚಯಿಸುವ ಕೆಲಸ ನನ್ನದು. ನನ್ನನ್ನೇ ಏಕೆ ಆರಿಸಿದರು? ನಾನು ಇಲ್ಲಿಗೆ ಬಂದು ಎಂಟು ತಿಂಗಳಾಗಿದೆ, ಮೊದಲ ವರ್ಷದ ವಿದ್ಯಾರ್ಥಿನಿ. ಸಭೆಯಲ್ಲಿ ನನಗಿಂತ ಚೆನ್ನಾಗಿ ಮಾತಾಡುವವರು ಇಲ್ಲವೇ? ಎಲ್ಲರೂ ನನಗಿಂತ ಚೆನ್ನಾಗಿಯೇ ಮಾತಾಡುತ್ತಾರೆ. ಆದರೆ ಮೂರು ವಾರದ ಹಿಂದೆ ನಮ್ಮ ಪಿಕ್ನಿಕ್‌ನಲ್ಲಿ ಏನಾಯಿತೆಂದು ಕಂಡವರು ಈಗ ನಗುತ್ತಿದ್ದೀರಿ. ಆ ದಿನದಿಂದ ಫ್ರಾವ್ ಬ್ರಾಂಡೆಸ್ ನನ್ನೊಡನೆ ಒಂದು ಮಾತೂ ಆಡಿಲ್ಲ. ನಾಳೆ ಭಾನುವಾರ, ನವೆಂಬರ್ ಮೂರು, ಅವರ ನಾಯಿಗಳ ವರ್ಷದ ದೊಡ್ಡ ಓಟ. ಅದಕ್ಕೆ ನಾನು ಬರಬಹುದೋ ಬಾರದೋ ನನಗೆ ಗೊತ್ತಿಲ್ಲ. ಇರಲಿ, ಅದು ನನ್ನ ವಿಷಯ. ಇಂದಿನ ವಿಷಯ ಅವರದು.

ಫ್ರಾವ್ ಬ್ರಾಂಡೆಸ್ ಅವರಿಗೆ ಎಪ್ಪತ್ತನಾಲ್ಕು ವರ್ಷ. ನಮ್ಮ ಈ ವೋಲ್ಫ್ಸ್‌ಬುರ್ಗ್‌ನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಉತ್ತರಕ್ಕೆ ಹೋದರೆ ಅವರ ಮನೆ, ಮನೆಯ ಹಿಂದೆ ಹದಿನಾಲ್ಕು ಬೇಟೆನಾಯಿಗಳ ದೊಡ್ಡಿ. ನಲವತ್ತೊಂದು ವರ್ಷದಿಂದ ಅವರು ನಾಯಿಗಳ ಗುಂಪನ್ನು ಬೇಟೆಗೆ ಓಡಿಸುತ್ತಿದ್ದಾರೆ. ಬೇಟೆ ಎಂದೊಡನೆ ಹೆದರಬೇಡಿ, ಸಸ್ಯಾಹಾರಿಗಳೂ ಕುಳಿತುಕೊಳ್ಳಿ. ಜೀವವಿರುವ ಪ್ರಾಣಿಯ ಹಿಂದೆ ನಾಯಿಗಳ ಗುಂಪು ಬಿಡುವುದಕ್ಕೆ ಈ ದೇಶದಲ್ಲಿ ಯಾವ ಕಾಲದಲ್ಲೋ ತಡೆ ಬಿದ್ದಿದೆ. ಆದ್ದರಿಂದ ಒಬ್ಬರು ಮುಂದೆ ಹೋಗಿ ನೆಲಕ್ಕೆ ವಾಸನೆ ಬಿಡುತ್ತಾರೆ. ಡಬ್ಬಿಯಲ್ಲಿ ಆನಿಸ್ ಎಂಬ ಘಮದ ಕಾಳಿನ ಎಣ್ಣೆ ಬೆರೆಸಿದ ನೀರು, ಡಬ್ಬಿಯ ಬಾಯಿಗೆ ಬಟ್ಟೆ, ತೊಟ್ಟು ತೊಟ್ಟಾಗಿ ನಾಲ್ಕು ಕಿಲೋಮೀಟರ್. ಅರ್ಧ ಗಂಟೆಯ ನಂತರ ನಾಯಿಗಳು ಆ ಹಾದಿ ಹಿಡಿಯುತ್ತವೆ. ಕೊನೆಯಲ್ಲಿ ಅವಕ್ಕೆ ದನದ ಕರುಳಿನ ಬಹುಮಾನ. ಯಾರೂ ಸಾಯುವುದಿಲ್ಲ. ಹಿಂದೆ ಓಡುವ ನಮಗೆ ಮಾತ್ರ ಸತ್ತಂತಾಗುತ್ತದೆ.

ಅವರು ಈ ವಿದ್ಯೆಯನ್ನು ಕಲಿಸಿದವರಲ್ಲಿ ಮೊದಲ ಕನ್ನಡಿಗರು ಗ್ರೆಗರಿ ಅಂಕಲ್. 2014ರ ಫೆಬ್ರವರಿ. ಅಂಕಲ್‌ಗೆ ಇಲ್ಲಿ ಕೆಲಸ ಮಾಡಲು ಬ್ಲೂ ಕಾರ್ಡ್ ಬಂದಿತ್ತು, ಅವರ ಹೆಂಡತಿ ಐರಿನ್ ಆಂಟಿಗೆ ವೀಸಾ ಬಂದಿರಲಿಲ್ಲ. ಭಾನುವಾರ ಅಂಗಡಿಯೂ ಮುಚ್ಚಿ, ಆಫೀಸೂ ಮುಚ್ಚಿ, ಮಾತಾಡಲು ಒಂದು ಪ್ರಾಣಿ ಇಲ್ಲ. ಸೈಕಲ್ ತೆಗೆದುಕೊಂಡು ಹೊರಟವರು ದಾರಿ ತಪ್ಪಿ, ನಾಯಿಗಳ ಸದ್ದು ಕೇಳಿ, ಆ ದೊಡ್ಡಿಯ ಮುಂದೆ ನಿಂತರು. ಬೇಲಿ ಆಚೆಯಿಂದ ಬಂದ ಹೆಂಗಸು ಇವರ ಕೈಗೆ ಒಂದು ಸಲಿಕೆ ಕೊಟ್ಟರು. ಅಂಕಲ್ ಎರಡು ಗಂಟೆ ದೊಡ್ಡಿ ಬಳಿದರು.

"ಬೇಡ ಅಂತ ಹೇಳ್ಲಿಕ್ಕೆ ನಂಗೆ ಜರ್ಮನ್ ಬರ್ತಿರ್ಲಿಲ್ಲ ಮಾರಾಯ್ತಿ," ಎಂದು ಅಂಕಲ್ ನನಗೆ ಹೇಳಿದ್ದಾರೆ. "ಮತ್ತೆ ಅವ್ರು ಸೂಪ್ ಕೊಟ್ರು. ಮುಂದಿನ ಆದಿತ್ಯವಾರ ನಾನೇ ಹೋದೆ."

ಹೀಗೆ ಐದು ವರ್ಷ. ಐರಿನ್ ಆಂಟಿ ಬಂದರು, ಮಗ ನೀಲ್ ಹುಟ್ಟಿದ, ಅಂಕಲ್ ಅವರ ಭಾನುವಾರ ಮಾತ್ರ ನಾಯಿಗಳಿಗೇ ಮೀಸಲು. ಆಂಟಿ ಇದನ್ನು ಹೇಗೆ ಸಹಿಸಿಕೊಂಡರು ಎನ್ನುವುದಕ್ಕೆ ಬೇರೆಯೇ ಒಂದು ಸನ್ಮಾನ ಮಾಡಬೇಕು ಎಂದು ಅಧ್ಯಕ್ಷರಲ್ಲಿ ವಿನಂತಿ.

ನಾನು ಬಂದದ್ದು ಮಾರ್ಚ್‌ನಲ್ಲಿ. ನನ್ನ ಅನ್‌ಮೆಲ್ಡುಂಗ್, ಅಂದರೆ ಊರಿನ ಕಚೇರಿಯಲ್ಲಿ ವಿಳಾಸದ ನೋಂದಣಿ, ಮಾಡಿಸಲು ಅಂಕಲ್ ಕಾರಿನಲ್ಲಿ ಕರೆದೊಯ್ದರು. ಕಾರಿನ ಬಾಗಿಲು ತೆಗೆದೊಡನೆ ಒದ್ದೆ ನಾಯಿಯ ವಾಸನೆ. "ಸಾರಿ ಆಯ್ತಾ, ಕಿಟಕಿ ಇಳಿಸು," ಎಂದರು ಅಂಕಲ್. ನಾನು ಇಳಿಸಲಿಲ್ಲ. ಈ ದೇಶಕ್ಕೆ ಬಂದು ಒಂಬತ್ತು ದಿನವಾಗಿತ್ತು, ಪರಿಚಯದ ವಾಸನೆ ಸಿಕ್ಕಿದ್ದು ಅದೊಂದೇ.

ಏಕೆಂದರೆ, ಸಭಿಕರೇ, ನಾನು ಮುಧೋಳದ ಕಡೆಯವಳು. ನನ್ನ ಅಜ್ಜ ಹಾಲಸಿದ್ದಪ್ಪ, ನಾಯಿ ಸಾಕುವವನು. ಚಿಕ್ಕಂದಿನಲ್ಲಿ ಮೊಲದ ಬೇಟೆ ಆಡಿದ್ದನಂತೆ. ಕಾನೂನು ಬಂದಮೇಲೆ ಬಿಟ್ಟ, ನಾಯಿಗಳನ್ನು ಬಿಡಲಿಲ್ಲ. ಕುರಿಯ ತೊಗಲನ್ನು ಹಗ್ಗಕ್ಕೆ ಕಟ್ಟಿ ನನ್ನ ಕೈಗೆ ಕೊಟ್ಟು, ಕೊಯ್ದ ಜೋಳದ ಹೊಲದಲ್ಲಿ ಓಡಿಸುತ್ತಿದ್ದ. ಹಿಂದೆ ನಾಯಿ, ಅದರ ಹಿಂದೆ ಅಜ್ಜನ ಕೂಗು: "ಏ ಅಂಬವ್ವ, ನಾಯಿ ಕಣ್ಣಿಲೆ ಬ್ಯಾಟಿ ಆಡ್ತದ, ಅದರ ಕಣ್ಣಿಗೆ ಬೀಳಬ್ಯಾಡ, ಬದುವಿನ ಮರೆಗೆ ಹೋಗು." ನಾಯಿಯ ಕಣ್ಣು ತಪ್ಪಿಸಿ ಓಡುವುದು ನಾನು ಕಲಿತ ಮೊದಲ ವಿದ್ಯೆ. ಅಕ್ಷರ ಆಮೇಲೆ.

ಮುಂದಿನ ಭಾನುವಾರ ಅಂಕಲ್ ನನ್ನನ್ನೂ ಆ ದೊಡ್ಡಿಗೆ ಕರೆದೊಯ್ದರು. ಫ್ರಾವ್ ಬ್ರಾಂಡೆಸ್ ಅವರ ಮೊದಲ ಪಾಠ ಇದಕ್ಕೆ ಸರಿಯಾಗಿ ಉಲ್ಟಾ. ಅವರು ಬೇಲಿಗೆ ನನ್ನ ಬೆನ್ನು ಮಾಡಿ ಕೂರಿಸಿ ಕಣ್ಣು ಮುಚ್ಚಿಸಿದರು. ಅವರು ಜರ್ಮನ್‌ನಲ್ಲಿ ಹೇಳಿದ್ದನ್ನು ಅಂಕಲ್ ಅನುವಾದ ಮಾಡಿದರು. ಅಂದಿನಿಂದ ನನ್ನ ಕಿವಿಯಲ್ಲಿ ಫ್ರಾವ್ ಬ್ರಾಂಡೆಸ್ ಅಚ್ಚ ಮಂಗಳೂರು ಕನ್ನಡದಲ್ಲೇ ಮಾತಾಡುತ್ತಾರೆ. "ಕಣ್ಣಿಂದ ಎಂತ ಸಹ ಆಗುದಿಲ್ಲ. ಇವು ಮೂಗಿನ ನಾಯಿಗಳು. ಕೂಗುದು ಯಾರು ಅಂತ ಕೇಳಿ ಹೇಳು." ಹದಿನಾಲ್ಕು ಕಂಠ. ಏಪ್ರಿಲ್ ಮುಗಿಯುವ ಹೊತ್ತಿಗೆ ಒಂಬತ್ತು ಹಿಡಿದೆ, ಜೂನ್‌ನಲ್ಲಿ ಹದಿನಾಲ್ಕೂ. ಹಾದಿ ಸಿಕ್ಕಾಗ ಬ್ರೂನೊ ಮೊದಲು ಕೂಗುತ್ತಾನೆ, ಆದರೆ ಅವನು ಸುಳ್ಳು ಹೇಳುವುದೂ ಉಂಟು. ವಿಲ್ಮಾ ಎಂಬ ಮುದಿ ಹೆಣ್ಣುನಾಯಿ ಕೂಗಿದರೆ ಮಾತ್ರ ನಿಜ. ನಮ್ಮ ಕೂಟದ ಕಾರ್ಯಕಾರಿ ಸಮಿತಿಯಲ್ಲಿಯೂ ಇಂಥ ಇಬ್ಬರಿದ್ದಾರೆ, ಹೆಸರು ಹೇಳುವುದಿಲ್ಲ.

ಎರಡನೆಯ ಪಾಠ ಗೇಟಿನದು. ಬೆಳಿಗ್ಗೆ ದೊಡ್ಡಿಯ ಗೇಟು ಪೂರಾ ತೆರೆದಿಟ್ಟರೂ ಒಂದು ನಾಯಿ ಹೊರಗೆ ಬರುವುದಿಲ್ಲ. ಹದಿನಾಲ್ಕೂ ಹೊಸ್ತಿಲಿನ ಒಳಗೆ ನಿಂತು ನಡುಗುತ್ತಿರುತ್ತವೆ. ಹೆಸರು ಹಿಡಿದು ಕರೆದರೆ ಆ ಒಂದು ನಾಯಿ ಮಾತ್ರ ಬರಬೇಕು. ಹೆಸರು ಕರೆಯುವವರು ಯಾರನ್ನೂ ಮರೆಯಬಾರದು, ತಡ ಮಾಡಬಾರದು. ನನ್ನನ್ನು ಹಾಸ್ಟೆಲ್‌ನಲ್ಲಿ ಎಲ್ಲರೂ ಆಂಬರ್ ಎನ್ನುತ್ತಿದ್ದರು, ನಾನೇ ಹಾಗೆ ಕರೆಯಿರಿ ಎಂದಿದ್ದೆ. ಫ್ರಾವ್ ಬ್ರಾಂಡೆಸ್ ನನ್ನ ಪಾಸ್‌ಪೋರ್ಟ್ ತರಿಸಿ ನೋಡಿ, ನಾಲ್ಕು ದಿನ ಅಭ್ಯಾಸ ಮಾಡಿ, ಅಂಬವ್ವ ಎಂದೇ ಕರೆದರು. ಇಲ್ಲಿಗೆ ಬಂದಮೇಲೆ ನನ್ನ ಹೆಸರನ್ನು ಪೂರ್ತಿಯಾಗಿ ಕರೆದ ಮೊದಲಿಗರು ಅವರು.

ಮೂರನೆಯ ಪಾಠವನ್ನು ಹೇಳಿದ್ದು ಒಂದೇ ಸಲ. "ವಾಸನೆ ಹಾಕಿದವರು ಹಾದಿಯ ಕೊನೆಯಲ್ಲಿ ನಿಲ್ಬೇಕು. ಮಳೆ ಬರ್ಲಿ, ಹಸಿವಾಗ್ಲಿ. ನಾಯಿಗಳು ಬಂದು ಮುಟ್ಟುವ ವರೆಗೆ ನಿಲ್ಬೇಕು."

ಈಗ ಪಿಕ್ನಿಕ್‌ಗೆ ಬರುತ್ತೇನೆ. ಅಕ್ಟೋಬರ್ ಹದಿಮೂರು. ನಾಯಿಗಳ ಅಭ್ಯಾಸದ ಓಟವನ್ನು ಕೂಟದವರೂ ನೋಡಲಿ ಎಂದು ಅಂಕಲ್ ಕಾಡಿನ ಅಂಚಿನ ಹುಲ್ಲುಗಾವಲಿನಲ್ಲೇ ನಮ್ಮ ಪಿಕ್ನಿಕ್ ಇಡಿಸಿದ್ದರು. ಹಾದಿ ಹಾಕುವ ಕೆಲಸ ಮೊದಲ ಬಾರಿಗೆ ನನಗೆ ಸಿಕ್ಕಿತ್ತು. ಹಾಕಿದೆ. ಚೆನ್ನಾಗಿಯೇ ಹಾಕಿದೆ, ವಿಲ್ಮಾಳನ್ನೇ ಕೇಳಿ. ಕೊನೆಯ ಓಕ್ ಮರದ ಕೆಳಗೆ ನಿಂತೆ. ಆಗ ಲಾವಣ್ಯಾ ಅಕ್ಕನ ಫೋನು.

"ಎಲ್ಲಿದೀಯೇ? ಊಟ ಆಗೋಯ್ತು, ಬಡೇಸೋಪು ಡಬ್ಬಿ ನಿನ್ನ ಹತ್ರಾನೇ ಇದೆಯಲ್ಲ. ಬೈರಪ್ಪ ಸರ್ ಕೇಳ್ತಾ ಇದಾರೆ."

ನನ್ನ ಅಜ್ಜಿ ಮಹಾಂತಮ್ಮ ಊರಿನಿಂದ ಹುರಿದು ಕಳಿಸಿದ ಬಡೇಸೋಪು. ಡಬ್ಬಿ ನನ್ನ ಜಾಕೆಟ್ಟಿನ ಜೇಬಿನಲ್ಲಿತ್ತು. ಅಧ್ಯಕ್ಷರು ಕೇಳುತ್ತಿದ್ದಾರೆ ಎಂದರೆ ನನ್ನಂಥವಳು ನಿಲ್ಲುತ್ತಾಳೆಯೇ? ಹತ್ತು ನಿಮಿಷದಲ್ಲಿ ಕೊಟ್ಟು ಬರುತ್ತೇನೆ ಎಂದು ಹೊರಟೆ. ಅಜ್ಜ ಕಲಿಸಿದ ಹಾಗೆ ಪೊದೆಯ ಮರೆಯಲ್ಲಿ, ಹಳ್ಳದೊಳಗೆ ಬಗ್ಗಿ, ಯಾವ ನಾಯಿಯ ಕಣ್ಣಿಗೂ ಬೀಳದಂತೆ ಹೋದೆ. ಇಂಥ ಜಾಣತನ ಎಲ್ಲಿಯಾದರೂ ಕಂಡಿದ್ದೀರಾ? ಮೂಗಿನ ನಾಯಿಗಳಿಂದ ನಾನು ಕಣ್ಣು ತಪ್ಪಿಸಿಕೊಂಡು ಹೋದೆ. ಶೂ ಮೇಲೆಲ್ಲ ಆನಿಸ್ ನೀರು, ಕೈಯಲ್ಲಿ ಸೋರುವ ಡಬ್ಬಿ, ಜೇಬಿನಲ್ಲಿ ಅದೇ ಘಮದ ಬಡೇಸೋಪು.

ಮುಂದಿನದು ನಿಮಗೆಲ್ಲ ಗೊತ್ತು. ಒಬ್ಬೊಬ್ಬರ ಅಂಗೈಗೂ ಒಂದೊಂದು ಚಮಚ ಹಾಕಿ ಮುಗಿಸುವಷ್ಟರಲ್ಲಿ ಕಾಡಿನಿಂದ ಬ್ರೂನೊನ ಕೂಗು. ಸುಳ್ಳಿರಬಹುದು ಎಂದುಕೊಂಡೆ. ಆಮೇಲೆ ವಿಲ್ಮಾ ಕೂಗಿದಳು. ಹದಿನಾಲ್ಕು ನಾಯಿಗಳು ಜಮಖಾನೆಯ ಮೇಲೆ ಬಂದವು. ನಲವತ್ತು ಜನರ ಬಾಯಲ್ಲೂ ಬಡೇಸೋಪು. ನಾಯಿಗಳಿಗೆ ಯಾರನ್ನು ಹಿಡಿಯಬೇಕೆಂದೇ ತಿಳಿಯಲಿಲ್ಲ. ಬೈರಪ್ಪನವರ ಎದೆಯ ಮೇಲೆ ಎರಡು ಕಾಲಿಟ್ಟು ಹೆಕ್ಟರ್ ಎಂಬ ನಾಯಿ ಅವರ ಮೀಸೆ ನೆಕ್ಕಿದ.

"ಏನಮ್ಮಾ ಇದು, ಇವರೆಲ್ಲ ಮೆಂಬರ್‌ಶಿಪ್ ತಗೊಂಡಿದ್ದಾರಾ?" ಎಂದರು ಅಧ್ಯಕ್ಷರು, ಅಲುಗಾಡದೆ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಫ್ರಾವ್ ಬ್ರಾಂಡೆಸ್ ನಗಲಿಲ್ಲ. ಏಕೆಂದು ನಿಮ್ಮಲ್ಲಿ ಬಹಳ ಜನಕ್ಕೆ ತಿಳಿಯದು, ಅದನ್ನು ಇಂದು ಹೇಳಬೇಕು. ಓಕ್ ಮರಕ್ಕೂ ನಮ್ಮ ಹುಲ್ಲುಗಾವಲಿಗೂ ನಡುವೆ ಒಂದು ಲಾಂಡ್‌ಸ್ಟ್ರಾಸೆ ಇದೆ, ಗಾಡಿಗಳು ನೂರರಲ್ಲಿ ಹೋಗುವ ರಸ್ತೆ. ನಾಯಿಗಳು ನನ್ನ ಹಿಂದೆ ಅದನ್ನು ದಾಟಿದ್ದವು. ಒಂದು ವ್ಯಾನು ಬ್ರೇಕ್ ಹಾಕಿ ಅಡ್ಡ ನಿಂತಿತ್ತು. ಆ ರಸ್ತೆಯಿಂದ ಓಡಿ ಬಂದ ಅವರು ಒಂದೊಂದು ನಾಯಿಯ ತಲೆ ಮುಟ್ಟಿ ಎಣಿಸಿದರು. ಹದಿನಾಲ್ಕು. ಮತ್ತೊಮ್ಮೆ ಎಣಿಸಿದರು. ನನ್ನ ಕೈಯಿಂದ ಆನಿಸ್ ಡಬ್ಬಿ ತೆಗೆದುಕೊಂಡರು. ಬೈಯಲಿಲ್ಲ. ಬೈದಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ಮುಂದಿನ ಭಾನುವಾರ ನಾನು ಹೋಗಲಿಲ್ಲ, ಅದರ ಮುಂದಿನ ಭಾನುವಾರವೂ. "ಹೆದ್ರಬೇಡ, ಅವ್ರು ಕಚ್ಚುದಿಲ್ಲ, ಬಂದು ಕೇಳು," ಎಂದರು ಅಂಕಲ್. ಧೈರ್ಯವಾಗದೆ ಅಜ್ಜನಿಗೆ ಫೋನು ಮಾಡಿದೆ.

"ಅಕಿ ಏನಂದಳು?"

"ಏನೂ ಅಂದಿಲ್ಲ ಅಜ್ಜಾ."

"ನೀ ಏನ ಕೇಳಿದಿ?"

"ಏನೂ ಕೇಳಿಲ್ಲ."

"ಕೇಳಲಾರದಕ್ಕ ಅಕಿ ಏನ ಹೇಳಬೇಕು ಪಾಪ. ಹೋಗಿ ಮುಂದ ನಿಂದ್ರು. ನಿಂದ್ರೂದೂ ಒಂದು ಕೆಲಸ ಐತಿ, ತಂಗಿ."

ನಿಲ್ಲುವುದು. ಅಜ್ಜನಿಗೆ ಅದು ಗೊತ್ತು. ಇದನ್ನು ಹಾಳೆಯಲ್ಲಿ ಬರೆದಿರಲಿಲ್ಲ, ಆದರೆ ಹೇಳಿಬಿಡುತ್ತೇನೆ. ನಾನು ಎಂಟನೆಯ ತರಗತಿಯಲ್ಲಿದ್ದಾಗ, ಬೆಳಗಾವಿಯ ಹಾಸ್ಟೆಲ್‌ಗೆ ಅಜ್ಜ ಬಂದಿದ್ದ. ನಮ್ಮ ನಾಯಿ ಮರಿ ಹಾಕಿತ್ತು. ಮೊದಲ ಮರಿಗೆ ಹೆಸರು ಇಡುವುದು ನಾನು ಎಂದು ಮಾತಾಗಿತ್ತು. ಹೆಗಲ ಮೇಲಿನ ಕಂಬಳಿಯಲ್ಲಿ ಆ ಮರಿಯನ್ನು ಸುತ್ತಿಕೊಂಡು ಬಸ್ಸಿನಲ್ಲಿ ತಂದಿದ್ದ. ನಾನು ಗೆಳತಿಯರಿಗೆ ನಮ್ಮಜ್ಜ ರಿಟೈರ್ಡ್ ಆಫೀಸರ್ ಎಂದು ಹೇಳಿದ್ದೆ. ಮೇಲಿನ ಕಿಟಕಿಯಿಂದ ನೋಡಿ, ಪರೀಕ್ಷೆ ಇದೆ, ಬರಲಾಗುವುದಿಲ್ಲ ಎಂದು ಆಯಾ ಕೈಲಿ ಹೇಳಿಕಳಿಸಿದೆ. ಮುಗಿದ ಮೇಲೆ ಬರಬಹುದೆಂದು ಅವನು ಹನ್ನೊಂದರಿಂದ ನಾಲ್ಕರವರೆಗೆ ಗೇಟಿನಲ್ಲಿ ನಿಂತಿದ್ದ. ರಜೆಗೆ ಹೋದಾಗ ಮರಿ ಮೊಣಕಾಲೆತ್ತರ ಬೆಳೆದಿತ್ತು. ಹೆಸರೇನು ಎಂದೆ. "ನೀ ಇಡ್ತಿ ಅಂತ ಬಿಟ್ಟೇನಿ," ಎಂದ. ಐದು ತಿಂಗಳು ಆ ನಾಯಿಯನ್ನು ಯಾರೂ ಹೆಸರಿನಿಂದ ಕರೆದಿರಲಿಲ್ಲ.

ಆಗಿನಿಂದ ವಿಡಿಯೊ ಮಾಡುತ್ತಿರುವ ಸ್ಯಾವಿಯೊ, ನಿನ್ನ ಫೋನಿನ ಲೈವ್ ಚಾಲೂ ಇದೆಯೇ? ಇದೆಯಂತೆ. ಹಾಗಾದರೆ ಊರಿನಲ್ಲಿ ಕುಳಿತು ನೋಡುತ್ತಿರುವ ಅಜ್ಜನೂ ಕೇಳಿದ. ಇರಲಿ, ಆರಿಸಬೇಡ. ಅಜ್ಜಾ, ಅವತ್ತು ಪರೀಕ್ಷೆ ಇರಲಿಲ್ಲ.

ಸಮಯ ಮೀರಿದೆ ಎಂದು ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಕೊನೆಯ ಹಾಳೆ.

ಸಭಿಕರೇ, ಇಂಥವರನ್ನು ನಾವು ಯಾವುದಕ್ಕೆ ಸನ್ಮಾನಿಸುತ್ತಿದ್ದೇವೆ? ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ, ಹಣ್ಣಿನ ಬುಟ್ಟಿ ಕೊಡುತ್ತೇವೆ. ಫ್ರಾವ್ ಬ್ರಾಂಡೆಸ್ ಅವರಿಗೆ ಕಲಿಸಿದ ಮುದುಕ ಎರಡು ವರ್ಷ ಅವರಿಂದ ಬರೀ ದೊಡ್ಡಿ ತೊಳೆಸಿದನಂತೆ. ಅವರು ಅಂಕಲ್ ಕೈಗೆ ಸಲಿಕೆ ಕೊಟ್ಟರು, ನನ್ನ ಕೈಗೆ ಹಾದಿಯ ಡಬ್ಬಿಯನ್ನೇ ಕೊಟ್ಟರು. ಒಬ್ಬರಿಂದ ಒಬ್ಬರಿಗೆ ಬರುವಾಗ ವಿದ್ಯೆ ಸ್ವಲ್ಪ ಮೃದುವಾಗುತ್ತದೆ ಎಂದು ನನಗೆ ಅನಿಸಿದೆ. ಆ ಮೃದುತನವನ್ನು ನಾನು ಹತ್ತು ನಿಮಿಷದ ಬಡೇಸೋಪಿಗೆ ಬಿಟ್ಟುಕೊಟ್ಟೆ.

ಫ್ರಾವ್ ಬ್ರಾಂಡೆಸ್, ಅಂಕಲ್ ಇದನ್ನು ನಿಧಾನವಾಗಿ ಹೇಳಲಿ. ತಪ್ಪು ನನ್ನದು. ಹೆಕ್ಟರ್‌ನದಲ್ಲ, ಲಾವಣ್ಯಾ ಅಕ್ಕನದಲ್ಲ, ಅಧ್ಯಕ್ಷರದಲ್ಲ. ಜಾಕೆಟ್ಟನ್ನು ಎರಡು ಸಲ ಒಗೆದಿದ್ದೇನೆ. ಡಬ್ಬಿ ಹಿಡಿಯಲು ಕೇಳುತ್ತಿಲ್ಲ, ಸಲಿಕೆ ಸಾಕು. ಭಾನುವಾರ ನಿಮ್ಮ ಊರಿಗೆ ಒಂದೇ ಬಸ್ಸು, ಏಳೂ ಹತ್ತಕ್ಕೆ. ನಾಳೆ ನಾನು ಬರಲೇ, ಬೇಡವೇ? ಹೌದು ಎಂದರೂ ಸರಿ, ಇಲ್ಲ ಎಂದರೂ ಸರಿ. ಭಾಷಣ ಮುಗಿಸಿ ಈ ವೇದಿಕೆಯ ಮೆಟ್ಟಿಲ ಹತ್ತಿರ ನಿಂತಿರುತ್ತೇನೆ, ಎಲ್ಲಿಗೂ ಹೋಗುವುದಿಲ್ಲ, ಯಾರೇ ಫೋನು ಮಾಡಿದರೂ. ದಯವಿಟ್ಟು ಬೇಗ ಉತ್ತರ ಕೊಡಿ.

ಇಷ್ಟು ಹೊತ್ತು ಹಸಿದು ಕೇಳಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.