ಕಾಂಡ್ಲಾ ಕಾಡಿನ ಗೇಟು

ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ಮಳೆ ಹೇಳಿ ಕೇಳಿ ಬರುವುದಿಲ್ಲ. ಆ ದಿನವೂ ಮಧ್ಯಾಹ್ನವೆಲ್ಲ ಬೆನ್ನು ಸುಡುವ ಬಿಸಿಲಿತ್ತು. ಸಂಜೆಗೆ ಆಕಾಶ ಒಡೆದು ಸುರಿಯತೊಡಗಿ, ಮಾನಸಳ ಮನೆಯ ಮುಂದೆ ಬಿಟ್ಟ ಚಪ್ಪಲಿಗಳು ಒಂದೊಂದಾಗಿ ಚರಂಡಿಯ ಕಡೆ ತೇಲಿದವು. ಊಟಕ್ಕೆ ಬಂದವರು ಹೊರಡುವಂತಿರಲಿಲ್ಲ. ಮಾಮಕ್ ಹೋಟೆಲಿನಿಂದ ತಪಾವ್ ಮಾಡಿ, ಅಂದರೆ ಕಟ್ಟಿಸಿಕೊಂಡು, ತಂದ ಪರೋಟ ಆರುತ್ತಿತ್ತು. ಎಲ್ಲರೂ ಕುರ್ಚಿ ಎಳೆದುಕೊಂಡು ಚಂದ್ರಮ್ಮನ ಸುತ್ತ ಕೂತರು, ಏಕೆಂದರೆ ಅದು ಅವರನ್ನು ಬೀಳ್ಕೊಡುವ ಊಟವಾಗಿತ್ತು.

ಚಂದ್ರಮ್ಮ ಮಗಳ ಬಾಣಂತನಕ್ಕೆಂದು ಮೂರು ತಿಂಗಳ ಮಟ್ಟಿಗೆ ಉಡುಪಿಯ ಕಡಲ ಬದಿಯಿಂದ ಬಂದವರು. ಮಗಳು ಸುಮತಿ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವವಳು, ಅಳಿಯ ಡಾಕ್ಟರು. ಬಂದ ತಿಂಗಳಲ್ಲೇ ಊರೂರನ್ನೇ ಮುಚ್ಚಿಸಿದ ಆ ರೋಗ ಬಂತು. ಮೊದಲು ವಿಮಾನ ಇರಲಿಲ್ಲ. ವಿಮಾನ ಬಂದಾಗ ಮೊಮ್ಮಗು ಬಿಡಲಿಲ್ಲ. ಹಾಗೆ ಎರಡು ವರ್ಷ ಕಳೆದು, ಈಗ ನಾಡಿದ್ದು ಹೊರಡುವವರಿದ್ದರು.

"ಎರಡು ವರ್ಷದಲ್ಲಿ ಮಲೇಷ್ಯಾದಲ್ಲಿ ಏನ್ ನೋಡಿದ್ರಿ ಆಂಟಿ? ಬರೀ ಅಡುಗೆಮನೆ ಲಾ!" ಎಂದು ಇಲ್ಲಿಯವರ ಹಾಗೆ 'ಲಾ' ಸೇರಿಸಿ ಕೇಳಿದ ಮಾನಸಳ ಗಂಡ ಚೇತನ. ಸೈಬರ್‌ಜಯಾದಲ್ಲಿ ಕೆಲಸ ಮಾಡುವ ಅವನಿಗೆ ಹಿರಿಯರನ್ನು ಕೆಣಕುವುದೆಂದರೆ ಇಷ್ಟ.

"ಒಂದು ಗೇಟು ನೋಡಿದೆ," ಎಂದರು ಚಂದ್ರಮ್ಮ.

ನಗು ಎದ್ದಿತು. ಈ ಬಗ್ಗೆ ಚಂದ್ರಮ್ಮ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ, ಒಬ್ಬನ ಅನ್ನದ ಪ್ರಶ್ನೆ ಅದರಲ್ಲಿತ್ತು. ಆ ಒಬ್ಬ ಮೊನ್ನೆ ಫೋನು ಮಾಡಿ, ಹಳೆಯ ಹೋಟೆಲಿನ ಕೆಲಸ ಮತ್ತೆ ಸಿಕ್ಕಿತು, ಇನ್ನು ಯಾರಿಗೆ ಬೇಕಾದರೂ ಹೇಳಿ ಅಮ್ಮ ಎಂದಿದ್ದ. ಎದೆಯ ಮೇಲಿನ ಭಾರ ಕೆಳಗಿಟ್ಟಂತಾಗಿತ್ತು ಅವರಿಗೆ. ಮಳೆಯ ಸದ್ದನ್ನು ಒಮ್ಮೆ ಕೇಳಿಸಿಕೊಂಡು ಶುರು ಮಾಡಿದರು.

"ನಗಿ, ನಗಿ. ಮುಗಿಯುವಾಗಲೂ ನಗುವಂಥದ್ದೇ ಅಂತ ಇಟ್ಟುಕೊಳ್ಳಿ... ಮಗಳ ಮನೆಯಿಂದ ಸ್ವಲ್ಪ ದೂರ ಹೋದರೆ ಸಮುದ್ರ. ನಮ್ಮಲ್ಲಿ ಅಳಿವೆ ಬದಿಯಲ್ಲಿ ಇರ್ತದಲ್ಲ, ಕಾಂಡ್ಲಾ ಕಾಡು? ಬೇರು ನೀರಿನ ಮೇಲೆ ಬಂದು ನಿಂತ ಕಾಡು? ಅದೇ ಅಲ್ಲೂ ಉಂಟು. ಕಾಡಿನ ಒಳಗೆ ಉಬ್ಬರದ ನೀರು ಬಂದು ಹೋಗುವ ತೋಡು, ತೋಡಿನ ತುಂಬ ಏಡಿ, ಸಿಗಡಿ, ಮರುವಾಯಿ ಚಿಪ್ಪು. ನೀರು ಇಳಿದಾಗ ಆ ಊರಿನ ಮಲಯರು ಬುಟ್ಟಿ ಹಿಡಿದು ಹೋಗುವುದು, ಹೆಕ್ಕುವುದು, ಬರುವುದು. ಒಳಗೆ ಕಾಲಿಡುವ ಮುಂಚೆ ಮೆಲ್ಲಗೆ 'ದಾಟಿ ಹೋಗ್ತೇವೆ ಅಜ್ಜ' ಅಂತ ಕಾಡಿಗೆ ಹೇಳ್ತಾರೆ. ಕಣ್ಣಿಗೆ ಕಾಣದವರ ಹತ್ತಿರ ಒಪ್ಪಿಗೆ ಕೇಳುವ ಜನ ಅವರು. ಕಣ್ಣಿಗೆ ಕಾಣುವವರ ಹತ್ತಿರ ಕೇಳಬೇಕಾದೀತು ಅಂತ ಯಾರು ಅಂದುಕೊಂಡಿದ್ದರು?

"ದೊಡ್ಡ ಪೇಟೆಯ ಒಬ್ಬ ಧಣಿ ಆ ಜಾಗ ತಗೊಂಡ. ತೋಡಿಗೆ ಹೋಗುವ ದಾರಿಗೆ ಗೇಟು ಹಾಕಿದ. ಊರಿನವರು ಕೇಳಿದ್ದಕ್ಕೆ ಏನು ಹೇಳಿದ ಗೊತ್ತುಂಟಾ? ನೀರು ಸರಕಾರದ್ದು, ಬೇಡ ಅನ್ನುವುದಿಲ್ಲ, ಆದರೆ ನೀರಿಗೆ ಹೋಗುವ ಕೆಸರು ನನ್ನದು ಅಂದ. ಅಲ್ಲ, ಹಾರಿ ಹೋಗಲಿಕ್ಕೆ ಅವರೇನು ಕೊಕ್ಕರೆಗಳಾ? ಅಲ್ಲಿ ಕೊಳ ಮಾಡಿ, ಪೇಟೆಯವರನ್ನು ಕರೆದು, ದುಡ್ಡಿಗೆ ಗಾಳ ಹಾಕಿಸುವ ಯೋಚನೆ ಅವನದ್ದು. ಅಷ್ಟರಲ್ಲಿ ರೋಗ ಬಂತು, ಅವನಿಗೆ ನೆಪ ಸಿಕ್ಕಿತು.

"ಗೇಟಿಗೆ ಕೂರಿಸಿದ್ದು ಯಾರನ್ನು? ನಮ್ಮ ತ್ರಿವಿಕ್ರಮನನ್ನು. ಮೈಸೂರಿನ ಹುಡುಗ, ಮೆಲಾಕಾದ ಹೋಟೆಲಲ್ಲಿ ಮ್ಯಾನೇಜರ್ ಆಗಿದ್ದ, ಮಗಳ ಮನೆಯ ಎದುರು ಸಾಲಿನಲ್ಲೇ ಮನೆ. ಹೋಟೆಲು ಮುಚ್ಚಿತು. ಕೆಲಸ ಹೋದರೆ ಈ ದೇಶದಲ್ಲಿ ಇರುವ ಪಾಸೂ ಹೋಗ್ತದೆ, ನಿಮಗೆ ಗೊತ್ತಿದ್ದದ್ದೇ. ಹೆಂಡತಿ ವಾಸಂತಿ, ಸಣ್ಣ ಮಗಳು, ಊರಿಗೆ ವಿಮಾನ ಇಲ್ಲ... ಎಲ್ಲಿಗೆ ಹೋಗುವುದು? ಧಣಿ ಕರೆದ, ಇವನು ಹೋದ. ನಾನಾದರೂ ಹೋಗ್ತಿದ್ದೆ.

"ಕೆಲಸ ಏನು? ಯಾರು ಬಂದರೂ ಹಣೆಗೆ ಜ್ವರ ನೋಡುವ ಆ ಬಿಳಿ ಪಿಸ್ತೂಲು ಹಿಡಿಯುವುದು. ಎಲ್ಲ ಕಡೆ ಹಿಡೀತಿದ್ದರಲ್ಲ, ಅದೇ. ಹಿಡಿದು, ಅಂಕೆ ತಾನೊಬ್ಬನೇ ನೋಡಿ, 'ಜ್ವರ ಉಂಟು, ಮನೆಗೆ ಹೋಗಿ' ಅನ್ನುವುದು. ಜ್ವರ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಬೇಡ ಅಂದರೆ ಜಗಳ ಆಗ್ತದೆ. ಜ್ವರ ಅಂದರೆ ಯಾರು ಜಗಳ ಮಾಡ್ತಾರೆ? ಬಂದವರು ಹೆದರಿ ತಾವೇ ನಾಲ್ಕು ಹೆಜ್ಜೆ ಹಿಂದೆ ಹೋಗ್ತಿದ್ದರು. ಧಣಿಯದ್ದೇ ತಲೆ ಅದು. ಬಾಯಿ ಮಾತ್ರ ನಮ್ಮ ಹುಡುಗನದ್ದು.

"ಪಾಕ್ ಲೊಂಗ್ ಅಂತ ಒಬ್ಬ ಮುದುಕರು. ಏಡಿ ಹಿಡಿಯುವವರು. ನನ್ನ ಹತ್ತಿರ ಮಾತಿಲ್ಲ, ಭಾಷೆ ಬರುವುದಿಲ್ಲ. ಆದರೆ ತೋಡಿನ ಬದಿಯಲ್ಲಿ ನಮಗೆ ಏಡಿ ಮಾರುವಾಗ ಅದರ ಹೊಟ್ಟೆ ಒತ್ತಿ, ಮೊಟ್ಟೆ ಇದ್ದದ್ದನ್ನು ಪುನಃ ತೋಡಿಗೆ ಬಿಡ್ತಿದ್ದರು. ಅವರಿಗೂ ಇವನು ಜ್ವರ ಅಂದ. ಮನೆ ತುಂಬ ಮೊಮ್ಮಕ್ಕಳು ಅವರಿಗೆ. ಮುದುಕರು ಮನೆಗೇ ಹೋಗಲಿಲ್ಲ ಮಾರಾಯ್ರೆ... ಮಕ್ಕಳಿಗೆ ಅಂಟಬಾರದು ಅಂತ ದಡದ ಮೇಲೆ ಬಲೆ ಇಡುವ ಗುಡಿಸಲಿತ್ತು, ಅದರ ಒಳಗೆ ಬಾಗಿಲು ಹಾಕಿಕೊಂಡು ಮಲಗಿದರು. ಊಟ ಹೊರಗಿಟ್ಟು ಹೋಗಲಿಕ್ಕೆ ಹೇಳಿದರಂತೆ. ಒಂದು ಬೆಳಿಗ್ಗೆ ಇಟ್ಟ ಊಟ ಹಾಗೇ ಇತ್ತು. ಆಮೇಲೆ ಆಸ್ಪತ್ರೆಯವರು ಪರೀಕ್ಷೆ ಮಾಡಿದರು. ರೋಗವೂ ಇಲ್ಲ, ಎಂಥದೂ ಇಲ್ಲ. ಹೃದಯ ನಿಂತದ್ದು, ಒಬ್ಬರೇ ಇದ್ದಾಗ."

ಚಂದ್ರಮ್ಮ ನೀರು ಕುಡಿದರು. ಚೇತನ ಫೋನು ಬೋರಲು ಮಾಡಿಟ್ಟಿದ್ದ. ಇನ್ನು ಇವನು ಕೆಣಕುವುದಿಲ್ಲ ಎಂದು ಅವರಿಗೆ ತಿಳಿಯಿತು.

"ತ್ರಿವಿಕ್ರಮನಿಗೆ ಸುದ್ದಿ ಬಂತು. ಎರಡು ದಿನ ಊಟ ಸೇರಲಿಲ್ಲ, ಮೂರನೆಯ ದಿನ ಪುನಃ ಗೇಟಿಗೆ ಹೋದ. ಸಂಜೆ, ನೀರು ಇಳಿಯುವ ಹೊತ್ತು, ತುಂತುರು ಮಳೆ. ಯಾರೋ ಬಂದು ಹಣೆ ಬಗ್ಗಿಸಿ ನಿಂತರು. ಇವನು ತಲೆ ಎತ್ತಲಿಲ್ಲ. ದಿನಕ್ಕೆ ಎಷ್ಟೋ ಹಣೆ ನೋಡುವವನು ಮುಖ ಎಲ್ಲಿ ನೋಡ್ತಾನೆ? ಪಿಸ್ತೂಲು ಹಿಡಿದ. ಅಂಕೆ ಬರಲಿಲ್ಲ. ಮಳೆಗೆ ಹಾಳಾಗಿದೆ ಅಂದುಕೊಂಡು, ಬಾಯಿಪಾಠದ ಹಾಗೆ 'ಜ್ವರ ಉಂಟು, ಮನೆಗೆ ಹೋಗಿ' ಅಂದ. ಬಂದವರು ತಲೆ ಆಡಿಸಿ ಹೋದರು. ಮರುದಿನ ಬಂದರು, ಹಣೆ ಬಗ್ಗಿಸಿದರು. ಪುನಃ ಅದೇ ಮಾತು. ಅದರ ಮರುದಿನವೂ... ಆವತ್ತು ಮಾತ್ರ ಇವನು ತಲೆ ಎತ್ತಿದ.

"ಯಾರು ಅಂತ ನಾನು ಹೇಳಬೇಕಾ?

"ಓಡಿ ಮನೆಗೆ ಬಂದ. ಬಂದರೆ ಅವನ ಸಣ್ಣ ಮಗಳ ಮೈ ಕಾವಲಿಯ ಹಾಗೆ ಸುಡ್ತಾ ಇದೆ. ನನ್ನ ಅಳಿಯ ಹೋಗಿ ನೋಡಿದ. ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿದ, ಏನೂ ಇಲ್ಲ. ಮದ್ದು ಕೊಟ್ಟ, ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ಮಲಗಿಸಲಿಕ್ಕೆ ಜಾಗ ಇಲ್ಲದ ದಿನಗಳು ಅವು. ಮಗುವಿನ ಬಾಯಿ ಒಣಗಿ ಬಂತು. ವಾಸಂತಿ ನನ್ನ ಹತ್ತಿರ ಬಂದು ಕೂತಳು, ಅಳಲಿಕ್ಕೂ ಶಕ್ತಿ ಇಲ್ಲ. ಅವಳ ಹಿಂದೆ ಇವನು. ಅವನೇ ಎಲ್ಲ ಹೇಳಿದ. ನಾನು ಕೇಳಿದೆ, ಆ ಮುದುಕರಿಗೆ ನಿನ್ನಿಂದ ಏನು ಬೇಕು ಅಂತ ನಿನಗೆ ಗೊತ್ತುಂಟಲ್ಲ? ಗೊತ್ತುಂಟು ಅಂದ. ಮತ್ತೆ ಯಾಕೆ ನಿಂತಿದ್ದಿ ಅಂದೆ. ಗೇಟಿಗೆ ಕ್ಯಾಮೆರಾ ಉಂಟು ಅಮ್ಮ, ತೆರೆದರೆ ಧಣಿ ಅಲ್ಲಿಂದಲೇ ನೋಡ್ತಾರೆ, ನಾಳೆಗೆ ನಾನಿಲ್ಲ ಅಂದ. ನಾನು ಅವನಿಗೆ ಬೈಯಲಿಲ್ಲ. ಅನ್ನದ ಹೆದರಿಕೆ ಸಣ್ಣ ಹೆದರಿಕೆ ಅಲ್ಲ. ಆದರೆ ನಮ್ಮ ಊರಲ್ಲಿ ಸತ್ತವರ ಹತ್ತಿರವೂ ಬಾಯಿ ಬಿಟ್ಟು ಮಾತಾಡ್ತೇವೆ. ತಪ್ಪಾಯ್ತು ಅಂದರೆ ಕೇಳಿಸಿಕೊಳ್ತಾರೆ. ಬಾ, ನಾನೂ ಬರ್ತೇನೆ ಅಂದೆ.

"ಹೋದೆವು. ನೀರು ಇಳಿದಿತ್ತು, ಕೆಸರಿನ ವಾಸನೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಗೇಟಿನ ಎದುರು ಮುದುಕರಿದ್ದರು. ಹೆಗಲಿಗೆ ಬುಟ್ಟಿ, ಮಾಸ್ಕು ಗದ್ದಕ್ಕೆ ಇಳಿದಿದೆ, ಹಣೆ ಬಗ್ಗಿಸಿ ನಿಂತಿದ್ದಾರೆ, ಶಾಲೆ ಮಕ್ಕಳು ಮೇಷ್ಟ್ರ ಎದುರು ನಿಂತ ಹಾಗೆ. ಹೆದರಿಕೆ ಆಯ್ತಾ ಅಂತ ಕೇಳಬೇಡಿ. ಮೊದಲು ಬಂದದ್ದು ನಾಚಿಕೆ. ಇಷ್ಟು ವಯಸ್ಸಿನವರನ್ನು ಹಾಗೆ ನಿಲ್ಲಿಸಿದೆವಲ್ಲ ಅಂತ... ಇವನ ಕೈ ತಾನಾಗಿಯೇ ಪಿಸ್ತೂಲು ಎತ್ತಿತು. ಕಿಸೆಗೆ ಹಾಕು ಅಂದೆ. ಹಾಕಿದ. ಅವರ ಭಾಷೆಯಲ್ಲಿ ಹೇಳಿದ, ನನಗೆ ಶಬ್ದ ಅರ್ಥ ಆಗಲಿಲ್ಲ, ಆಮೇಲೆ ಕೇಳಿ ತಿಳಿದೆ: 'ಪಾಕ್ ಲೊಂಗ್, ನಿಮಗೆ ಜ್ವರ ಇಲ್ಲ. ಆವತ್ತೂ ಇರಲಿಲ್ಲ. ನಾನು ಸುಳ್ಳು ಹೇಳಿದ್ದು.'

"ಅವರು ತಲೆ ಎತ್ತಲಿಲ್ಲ.

"ಮಾತು ಸಾಲಲಿಲ್ಲ ನೋಡಿ. ಜ್ವರ ಇಲ್ಲದವರನ್ನು ಹೊರಗೆ ನಿಲ್ಲಿಸುವುದು ಯಾಕೆ? ತ್ರಿವಿಕ್ರಮ ಕ್ಯಾಮೆರಾ ನೋಡಿದ, ನನ್ನ ಮುಖ ನೋಡಿದ. ಬೀಗ ತೆಗೆದು, ಎರಡೂ ಬದಿ ಪೂರ್ತಿ ತೆರೆದು, ಪಕ್ಕಕ್ಕೆ ನಿಂತ. ಆಗ ಮುದುಕರು ತಲೆ ಎತ್ತಿದರು. ಒಂದು ಉಸಿರು ಬಿಟ್ಟರು... ತಲೆಹೊರೆ ಇಳಿಸಿದವರು ಬಿಡ್ತಾರಲ್ಲ, ಹಾಗೆ. ನಮ್ಮ ನಡುವೆಯೇ ದಾಟಿ, ಕಾಂಡ್ಲಾದ ಒಳಗೆ ನಡೆದು ಹೋದರು. ಮನೆಗೆ ಬಂದರೆ ಮಗು ಬೆವರಿ ಒದ್ದೆಯಾಗಿ, ಗಂಜಿ ಬೇಕು ಅಂತ ಹಟ ಮಾಡ್ತಾ ಇತ್ತು. ವಾಸಂತಿ ಆವತ್ತು ಅತ್ತದ್ದು, ಗಂಜಿ ಕಲಸುತ್ತಾ.

"ಮರುದಿನ ಧಣಿ ಬಂದ. ಕೂಗಾಡಿದ. ಬೀಗ ನಾನೇ ಹಾಕ್ತೇನೆ, ಯಾರು ತೆಗೀತಾರೆ ನೋಡ್ತೇನೆ ಅಂತ ಇವನನ್ನು ಮನೆಗೆ ಕಳಿಸಿ, ಸಂಜೆವರೆಗೆ ಕುರ್ಚಿ ಹಾಕಿ ಕೂತ. ಏನು ನೋಡಿದ ಅಂತ ಈವರೆಗೆ ಯಾರಿಗೂ ಹೇಳಲಿಲ್ಲ. ಕಾರು ಹತ್ತುವಾಗ ತನ್ನ ಹಣೆ ತಾನೇ ಮುಟ್ಟಿ ಮುಟ್ಟಿ ನೋಡ್ತಿದ್ದನಂತೆ. ಆ ವಾರವೇ ಗೇಟು ಕಿತ್ತರು. ದಾರಿ ಮೊದಲಿನ ಹಾಗೆ ಊರಿಗೆ ಇರಲಿ ಅಂದ. ಇವನನ್ನೂ ತೆಗೀಲಿಲ್ಲ, ಈ ವಿಷಯ ಬಾಯಿ ಬಿಡಬೇಡ ಅಂತ ಹೇಳಿ ಹೋಟೆಲು ತೆರೆಯುವವರೆಗೆ ಹಾಗೇ ಇಟ್ಟುಕೊಂಡ. ಗೇಟು ಇಲ್ಲದ ಗೇಟಿಗೆ ಮ್ಯಾನೇಜರು!"

ಈಗ ಎಲ್ಲರೂ ನಕ್ಕರು, ಚಂದ್ರಮ್ಮನೂ ನಕ್ಕರು. ಮಾನಸ ಎದ್ದು ಪರೋಟ ಬಿಸಿ ಮಾಡಲು ಇಟ್ಟಳು. ಮಳೆ ಸಣ್ಣಗಾಗಿತ್ತು.

"ಸದ್ಯ, ಆ ಮುದುಕರಿಗೆ ಮುಕ್ತಿ ಸಿಕ್ತಲ್ಲ ಆಂಟಿ," ಎಂದ ಚೇತನ. "ಹೋದ್ರಲ್ಲ."

"ಹೋಗುವುದು ಎಲ್ಲಿಗೆ?" ಚಂದ್ರಮ್ಮ ಅವನನ್ನು ಅಕ್ಕರೆಯಿಂದಲೇ ನೋಡಿದರು. "ಅವರು ಕೇಳಿದ್ದು ಏಡಿ ಹಿಡಿಯಲಿಕ್ಕೆ ದಾರಿ ಮಾರಾಯ, ಮುಕ್ತಿ ಯಾರು ಕೇಳಿದರು? ಮೊನ್ನೆ ಭಾನುವಾರ ತೋಡನ್ನು ಕೊನೆಗೊಮ್ಮೆ ನೋಡಿ ಬರುವ ಅಂತ ಸುಮತಿಯ ಜೊತೆ ಹೋಗಿದ್ದೆ. ದಾರಿ ಸಪೂರ. ನಾನು ಬದಿಗೆ ಸರಿದು ನಿಂತೆ. ಯಾರಿಗೆ ಸರಿದಿರಿ ಅಮ್ಮ, ಯಾರೂ ಇಲ್ಲವಲ್ಲ ಅಂದಳು ಮಗಳು. ಅವಳಿಗೆ ಎಂಥ ಹೇಳುವುದು... ಮುದುಕರ ಬುಟ್ಟಿ ತುಂಬ ಏಡಿ ಇತ್ತು. ದಾಟುವಾಗ ಅದು ತಾಗಿದ ನನ್ನ ಸೆರಗು ಈಗಲೂ ಒದ್ದೆ ಉಂಟು, ಎಷ್ಟು ಒಣಗಿಸಿದರೂ ಹೋಗುವುದಿಲ್ಲ."