ಟ್ರ್ಯಾಕ್ಟರ್ ಎಂಜಿನ್ನಿನ ಕೆಂಪು ಕಾರು

...ಅಲ್ಲ ಕಣ್ರೋ ನಿಶು, ಅನು, ನಿಮ್ಮ ಭಾಷೇಲಿ ಈ ಆರ್ವೋ ಸರ್ವೋ ಹತ್ರ, ಅಂದ್ರೆ ಮಧ್ಯಾಹ್ನ ಪೆಟ್ರೋಲ್ ಬಂಕ್ ಹತ್ರ, ನಿಂತಿತ್ತಲ್ಲ ಕೆಂಪು ಕಾರು, ಎರಡೇ ಸೀಟಿಂದು, ಅದನ್ನ ನೋಡಿ ನಂಗೆ ಕಣ್ಣಲ್ಲಿ ನೀರು ಬಂದ್ಬಿಡ್ತು. ಅಂಥದೇ ಕಾರಿಂದ ನಿಮ್ಮ ತಾತಂಗೆ ಈ ದೇಶದಲ್ಲಿ ಮೊದಲ್ನೇ ಕೆಲ್ಸ ಸಿಕ್ಕಿದ್ದು, ಗೊತ್ತಾ. ಈ ಪರ್ತಲ್ಲಲ್ಲ, ಅಡಿಲೇಡಲ್ಲಿ. ಈಗ ಇಲ್ಲಿ ನಮ್ಮ ಹ್ಯಾರಿಸ್‌ಡೇಲಲ್ಲಿ ಬೀದಿಗೆ ನಾಕು ಕನ್ನಡದ ಮನೆ, ಆಗ ಅಡಿಲೇಡಲ್ಲಿ ಒಂದೂ ಇರ್ಲಿಲ್ಲ. ನಿಮ್ಮಪ್ಪ ಹುಟ್ಟಿರ್ಲಿಲ್ಲ, ಬ್ರಿಸ್ಬೇನಲ್ಲಿದಾಳಲ್ಲ ನಿಮ್ಮತ್ತೆ, ಅವಳು ನನ್ನ ಹೊಟ್ಟೇಲಿದ್ಲು. ತಾತ ಮೈಸೂರಲ್ಲಿ ಇಂಜಿನಿಯರ್. ಇಲ್ಲಿ ಎಲ್ಲಿಗೆ ಹೋದ್ರೂ 'ಲೋಕಲ್ ಎಕ್ಸ್‌ಪೀರಿಯೆನ್ಸ್ ಇದ್ಯಾ?' ಕೆಲ್ಸಾನೇ ಕೊಡ್ದಿದ್ರೆ ಎಕ್ಸ್‌ಪೀರಿಯೆನ್ಸ್ ಏನು ಮರದಲ್ಲಿ ಬಿಡತ್ತಾ? ಚಳಿ ಅಂದ್ರೆ ಚಳಿ, ಬಿಲ್ಲು ಜಾಸ್ತಿ ಬರತ್ತೆ ಅಂತ ಹೀಟರ್ ಹಾಕೋಕೆ ಭಯ. ಮಾರ್ಕೆಟ್ ಮುಚ್ಚೋ ಹೊತ್ಗೆ ಹೋದ್ರೆ ಬಾಡಿದ ಸಿಲ್ವರ್‌ಬೀಟ್ ಸೊಪ್ಪು ಹಾಗೇ ಕೊಟ್ಬಿಡೋರು, ದಿನಾ ಅದರದ್ದೇ ಹುಳಿ. ಕೊನೇಗೊಂದಿನ ತಾತ, "ಈ ಗ್ಯಾರೇಜಲ್ಲೂ ಬೇಡ ಅಂದ್ರೆ ಊರಿಗೆ ಹೋಗ್ಬಿಡೋಣ ಕಣೇ" ಅಂದ್ರು.

ಗ್ಯಾರೇಜು ಆರ್ಥರ್ ಅಂತ ಒಬ್ಬ ಮುದುಕಂದು, ಇಂಗ್ಲೆಂಡಿಂದ ಬಂದೋನು. ಹಳೇ ಕಾರು ಬಿಚ್ಚಿ ಹೊಸದು ಮಾಡೋದೇ ಅವನ ಕೆಲ್ಸ. ತಾತ ಹೋದ್ರು, ನಾನೂ ಹೋದೆ, ಅಲ್ಲಿಂದ ಹಾಗೇ ಮಾರ್ಕೆಟ್ಟಿಗೆ ಹೋಗೋದಿತ್ತಲ್ಲ. ಆರ್ಥರ್ ಕಾಗದ ಗೀಗದ ಏನೂ ಕೇಳ್ಲಿಲ್ಲ. ಒಂದು ಕೆಂಪು ಕಾರು ತೋರಿಸಿ, "ನಿನ್ನ ಹೆಂಡ್ತೀನ ಕೂರಿಸ್ಕೊಂಡು ನಿಧಾನವಾಗಿ ಗುಡ್ಡದ ರೋಡಲ್ಲಿ ಒಂದು ರೌಂಡ್ ಹೋಗಿ ಬಾ ಮೇಟ್, ಹೇಗಿದೆ ಹೇಳು" ಅಂದ. ಅಷ್ಟೇ ಇಂಟರ್‌ವ್ಯೂ. ಹೋದ್ವಿ. ತಿರುವು ಬಂದಾಗ್ಲೆಲ್ಲ ಮುಂದ್ಗಡೆ ಒಂದ್ಕಡೆ ಹೋಗತ್ತೆ, ಹಿಂದ್ಗಡೆ ಇನ್ನೊಂದ್ಕಡೆ. ನಾನು ಒಂದು ಕೈಲಿ ಹೊಟ್ಟೆ, ಒಂದು ಕೈಲಿ ಬಾಗ್ಲು ಹಿಡ್ಕೊಂಡು ರಾಯರನ್ನ ನೆನೀತಿದೀನಿ. ತಾತ ಸ್ಟೀರಿಂಗು ಗಟ್ಟಿಯಾಗಿ ಹಿಡ್ಕೊಂಡು ಇನ್ನೂ ನಿಧಾನ ಮಾಡಿದ್ರು. "ರೀ, ಇದು ಸರಿ ಇಲ್ಲ, ಅವರಿಗೆ ಹೇಳ್ರೀ" ಅಂದೆ. "ಸುಮ್ನಿರೇ, ಕೆಲ್ಸ ಕೇಳೋಕ್ ಬಂದು ಅವರ ಕಾರು ಚೆನ್ನಾಗಿಲ್ಲ ಅನ್ನಕ್ಕಾಗತ್ತಾ?" ಅವರ ಬುದ್ಧೀನೇ ಹಾಗೆ ಕಣ್ರೋ. ನನ್ನ ನೋಡೋಕ್ ಬಂದಾಗ ಉಪ್ಪಿಲ್ಲದ ಉಪ್ಪಿಟ್ಟು ತಿಂದು, ಚೆನ್ನಾಗಿದೆ ಅಂತ ಇನ್ನೊಂದು ಸಲ ಹಾಕಿಸ್ಕೊಂಡ ಮನುಷ್ಯ.

ಬಂದ್ವಿ. ಆರ್ಥರ್ "ಹೇಗಿದೆ?" ಅಂದ. ತಾತ ಕೈಕಟ್ಕೊಂಡು, "ವೆರಿ ನೈಸ್ ಸಾರ್." ಆರ್ಥರ್ ಮುಖ ಸಪ್ಪಗಾಗೋಯ್ತು. "ರೈಟ್, ಬೇಕಾದ್ರೆ ಹೇಳಿ ಕಳಿಸ್ತೀನಿ" ಅಂತ ಕೀ ಇಸ್ಕೊಂಡ. ನಂಗೆ ಗೊತ್ತಾಯ್ತು, ಮುಗೀತು, ಗಂಟುಮೂಟೆ ಕಟ್ಟೋದೇ. ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ತಾವಿಲ್ಲ ಅಂತಾರೆ, ನಾನು ನಿಜವಾಗ್ಲೂ ಬಸುರಿ. ಬಂದಷ್ಟು ಇಂಗ್ಲಿಷಲ್ಲಿ ಹೇಳ್ಬಿಟ್ಟೆ, "ನೋ ನೈಸ್. ಬ್ಯಾಕ್ ಸೈಡ್ ನಾಟ್ ಲಿಸನಿಂಗ್ ಟು ಫ್ರಂಟ್ ಸೈಡ್. ಐ ಫಿಯರ್." ತಾತ ನನ್ನ ಸುಟ್ಟುಬಿಡೋ ಹಾಗೆ ನೋಡಿದ್ರು. ಆರ್ಥರ್ ಏನು ಮಾಡ್ದ ಗೊತ್ತಾ, ಒಂದು ಕುರ್ಚಿ ಎಳೆದು ನನ್ನ ಕೂರಿಸ್ದ, ಟೀ ಕೊಟ್ಟ. ಕೊಟ್ಟು ಆ ಕಾರಿನ ಕಥೆ ಶುರು ಮಾಡ್ದ.

ಯುದ್ಧ ಮುಗಿದಿತ್ತಂತೆ, ಇಂಗ್ಲೆಂಡಲ್ಲಿ ಸಕ್ಕರೆಗೂ ರೇಷನ್ನು, ಕಬ್ಬಿಣಕ್ಕೂ ಪರದಾಟ. ಅಮೆರಿಕಾಗೆ ಮಾರಿ ಡಾಲರ್ ತರೋ ಅಂಥ ಸಣ್ಣ ಸ್ಪೋರ್ಟ್ಸ್ ಕಾರು ಬೇಕು ಅಂತ ಇವನಿದ್ದ ಫ್ಯಾಕ್ಟರಿ ಯಜಮಾನನಿಗೆ ಹಠ. ದುಡ್ಡೆಲ್ಲಿ? ಮೂಲೇಲಿ ಬಿದ್ದಿದ್ದ ಯುದ್ಧಕ್ಕೆ ಮುಂಚಿನ ಚಾಸಿ, ಅಂದ್ರೆ ಕಾರಿನ ಅಡಿ ಚೌಕಟ್ಟು; ಎಂಜಿನ್ನು ಟ್ರ್ಯಾಕ್ಟರಿಗೆ ಹಾಕೋ ಜಾತೀದೇ. ಹೌದು ಅನು, ಗದ್ದೆ ಉಳೋ ಟ್ರ್ಯಾಕ್ಟರೇ. ಸ್ಪೇರ್ ಚಕ್ರ ಹಿಂದ್ಗಡೆ ಎದ್ದು ಕಾಣ್ತಿತ್ತಂತೆ. ಪ್ರದರ್ಶನಕ್ಕಿಟ್ರು, ಜನ ನೋಡಿದ್ರು. ಆಮೇಲೆ ರೇಸ್ ಕಾರು ಬಲ್ಲೋನೊಬ್ಬನ್ನ ಕರೆದು ಓಡಿಸ್ನೋಡು ಅಂದ್ರಂತೆ. ಅವನು ಓಡಿಸಿ ಬಂದು, ಇದು ಜನಾನ ಕೊಲ್ಲತ್ತೆ ಅಂದ್ಬಿಟ್ನಂತೆ. ಯಜಮಾನ ಬೈದ್ನಾ? ಇಲ್ಲ. ಹಾಗಾದ್ರೆ ನೀನೇ ಬಂದು ಸರಿ ಮಾಡು ಅಂದ್ನಂತೆ. ಹೊಸ ಚಾಸಿ ಮಾಡಿದ್ರು, ಬ್ರೇಕು ಬದಲಾಯಿಸಿದ್ರು, ಹಿಂದ್ಗಡೆ ಉದ್ದ ಮಾಡಿ ಡಿಕ್ಕಿ ಇಟ್ರು. ಆಗ್ಲೇ ಅದು ಲೋಕವೆಲ್ಲ ಸುತ್ತಿದ್ದು. ಆರ್ಥರ್ ಅಲ್ಲಿ ವೆಲ್ಡಿಂಗ್ ಮಾಡ್ತಿದ್ದೋನು.

"ಇದಕ್ಕೆ ಹಿಂದಿನ ಸ್ಪ್ರಿಂಗ್ ನಾನಿನ್ನೂ ಸರಿ ಮಾಡಿಲ್ಲ. ನಿಂಗೆ ಗೊತ್ತಾಗ್ಲಿಲ್ವಾ?" ಅಂತ ತಾತನ್ನ ಕೇಳ್ದ. ತಾತ ನೆಲ ನೋಡ್ತಾ, ಎಡಗಡೆ ಸ್ಪ್ರಿಂಗು, ಅದರ ಬೋಲ್ಟು, ಎಲ್ಲ ಒಪ್ಪಿಸಿದ್ರು. "ಮತ್ತೆ ಯಾಕೆ ಹೇಳ್ಲಿಲ್ಲ?" "ನೀವು ದೊಡ್ಡೋರು ಸಾರ್." ಆರ್ಥರ್ ಜೋರಾಗಿ ನಕ್ಕು, "ನಾಳೆಯಿಂದ ಬಾ. ಆದ್ರೆ ನಿನ್ನ ಮಾತು ನಂಬಲ್ಲ, ಕಾರು ಮುಗಿದಾಗ್ಲೆಲ್ಲ ನಿನ್ನ ಮಿಸೆಸ್ ಒಂದು ರೌಂಡ್ ಬರ್ಬೇಕು" ಅಂದ.

"ಸೋ ಯು ಗಾಟ್ ದ ಜಾಬ್, ಅಜ್ಜಿ!" ಅಂತೀಯಲ್ಲ, ಒಂಥರಾ ಹೌದು ಕಣೋ. ಗುಡ್ಡದ ಗಾಳಿ, ಸೆರಗು ಹಾರ್ದಿರೋ ಹಾಗೆ ಸಿಕ್ಕಿಸ್ಕೊಂಡು ನಾನು, ಪಕ್ಕದಲ್ಲಿ ಅವರು. ಅಷ್ಟು ಸುಖ ನಂಗೆ ಆಮೇಲೆ ಯಾವ ದೊಡ್ಡ ಕಾರಲ್ಲೂ ಸಿಗ್ಲಿಲ್ಲ.

ಇದ್ದದ್ದು ಇದ್ದ ಹಾಗೆ ಹೇಳೋದನ್ನ ತಾತ ಕೆಲ್ಸದಲ್ಲಿ ಕಲಿತ್ರು, ತಮ್ಮ ಮೈ ವಿಷಯಕ್ಕೆ ಕಲೀಲಿಲ್ಲ. ಕೊನೇಲಿ ಆಸ್ಪತ್ರೇಲಿ ಡಾಕ್ಟ್ರು ಹೇಗಿದೀರಾ ಅಂದ್ರೆ 'ಫೈನ್, ಫೈನ್' ಅನ್ನೋರು. ಎಲ್ಲಿ ನೋವು ಅಂತ ಪಕ್ಕದಲ್ಲಿ ಕೂತು ನಾನು ಹೇಳ್ಬೇಕಿತ್ತು. ಎಲ್ರಿಗೂ ಪಕ್ಕದಲ್ಲಿ ಒಬ್ರು ಇರ್ತಾರಾ? ಅದಕ್ಕೇ, ಹೇಗಿದೀಯ ಅಂತ ಯಾರಾದ್ರೂ ಕೇಳಿದ್ರೆ ನಿಜ ಹೇಳ್ರೋ. ಕೇಳಿದೋರು ಗಾಬರಿ ಬಿದ್ರೆ ಬೀಳ್ಲಿ.