ತಂತಿ ತೆಗೆಯುವ ದಿನ

ದವಡೆ ಬಾತು ಮಾತು ನಿಂತಿದ್ದ ದರ್ಜಿಗೆ ದಂತವೈದ್ಯರ ಬಾಗಿಲ ಮುಂದೆ ಕಿವಿಯೊಂದೇ ಕೆಲಸ ಮಾಡುತ್ತಿತ್ತು. ಪಕ್ಕದ ಬೆಂಚಿನಲ್ಲಿ ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದ ಹುಡುಗಿ, ಜೊತೆಗೆ ಅವಳ ಅಪ್ಪ.

“ಇವತ್ತು ತಂತಿ ತೆಗೀತಾರೆ. ಮತ್ಯಾಕೆ ಮುಖ ಸಪ್ಪಗೆ?”

“ಇನ್ನೊಂದು ತಿಂಗಳು ಇರಲಿ ಅಂತ ಡಾಕ್ಟ್ರಿಗೆ ಹೇಳಪ್ಪ.”

“ಊಟ ಆದ್ಮೇಲೆ ಪುಟ್ಟ ಬ್ರಷ್ಷು ತೂರಿಸಿ ಸಂದಿ ಸಂದಿ ಉಜ್ಜೋದು ಸಾಕಾಗಿಲ್ವಾ ನಿಂಗೆ?”

“ಅಷ್ಟು ಹೊತ್ತೂ ಅಮ್ಮ ಫೋನಲ್ಲಿರ್ತಾಳೆ. ‘ತಂತಿ ಕೆಳಗೆ ಉಜ್ಜಿದ್ಯಾ’ ಅಂತ ಕೇಳ್ತಾ ಕೇಳ್ತಾ ತಾನು ಕೆಲಸ ಮಾಡೋ ಹಡಗಿನ ಅಡುಗೆಮನೆ ಕಥೆಯೆಲ್ಲ ಹೇಳ್ತಾಳೆ. ತಂತಿ ಹೋದ್ರೆ ಎರಡೇ ನಿಮಿಷಕ್ಕೆ ‘ಮಲ್ಕೋ ಪುಟ್ಟಿ’ ಅಂತ ಇಟ್ಬಿಡ್ತಾಳೆ.”

ಅಪ್ಪ ಕೈಯಲ್ಲಿದ್ದ ಚೀಟಿಯನ್ನು ಮಡಿಸಿದ, ಬಿಚ್ಚಿದ.

“ಗೊತ್ತು. ಬಚ್ಚಲ ಬಾಗಿಲ ಹೊರಗೆ ನಿಂತು ನಾನೂ ಕೇಳಿಸ್ಕೋತೀನಿ.”

ಒಳಗಿಂದ ನರ್ಸಮ್ಮ ಕರೆದರು. ಇಬ್ಬರೂ ಎದ್ದರು. ಅಪ್ಪ ದನಿ ತಗ್ಗಿಸಿದ.

“ಹಡಗಲ್ಲಿ ಹೇಗೂ ವಿಡಿಯೋ ಬರಲ್ಲ. ತೆಗೆಸಿದ್ದು ಅಮ್ಮಂಗೆ ಈಗಲೇ ಹೇಳೋದು ಬೇಡ.”

“ಸುಳ್ಳು ಹೇಳ್ದಂಗಾಗಲ್ವಾ?”

ಅವಳ ಭುಜ ಹಿಡಿದು ಒಳಗೆ ನಡೆಸುತ್ತ ಅಪ್ಪ ಹೇಳಿದ: “ಫೋನ್ ಬಂದಾಗ ನೀನು ಮೊದಲಿನ ಹಾಗೇ ನಿಧಾನಕ್ಕೆ ಉಜ್ತಾ ಇರು. ಬಾಯಲ್ಲಿ ಬ್ರಷ್ಷಿಟ್ಕೊಂಡು ಯಾರಿಗಾದ್ರೂ ಸುಳ್ಳು ಹೇಳಕ್ಕಾಗುತ್ತಾ?”